ಹೋರಾಟ, ಜಗಳ, ತಕರಾರು: ಯಾವುದಕ್ಕೆ ಯಾವ ಇಂಗ್ಲಿಷ್ ಪದಜೋಡಿ?

ತೋಟದ ಅಗಳಿನ (ಗಡಿಯ ಕಂದಕದ) ತಕರಾರು, ಶರಾವತಿ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಬೇಡಿಕೆ, ಭದ್ರಾವತಿಯ ಕಾರ್ಖಾನೆ ಉಳಿಸಿ ಎಂಬ ಕೂಗು, ಅಣ್ಣತಮ್ಮಂದಿರ ಹಿಸ್ಸೆಯ ಜಗಳ. ಕನ್ನಡದಲ್ಲಿ ಇವೆಲ್ಲದರ ಹಿಂದೆ ಒಂದು 'ಮಾಡು' ಸೇರಿಸಿದರೆ ವಾಕ್ಯ ನಿಲ್ಲುತ್ತದೆ: ಹೋರಾಟ ಮಾಡಿದರು, ಜಗಳ ಮಾಡಿದರು, ತಕರಾರು ಮಾಡಿದರು. ಅದೇ ಅಭ್ಯಾಸದಲ್ಲಿ ಇಂಗ್ಲಿಷಿಗೆ ಹೋದವರು 'ಡಿಡ್ ಫೈಟ್', 'ಡಿಡ್ ಸ್ಟ್ರೈಕ್', 'ಗೇವ್ ಕಂಪ್ಲೇಂಟ್' ಎಂದು ಬರೆಯುತ್ತಾರೆ. ವ್ಯಾಕರಣ ಚೆನ್ನಾಗಿ ಬಲ್ಲವರೂ ಇಲ್ಲಿ ಎಡವುತ್ತಾರೆ, ಏಕೆಂದರೆ ಇದು ವ್ಯಾಕರಣದ ತಪ್ಪಲ್ಲ. ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ ಬರಬೇಕೆಂದು ತೀರ್ಮಾನಿಸುವುದು ನಾಮಪದ. 'ವಾರ್' ಬಂದರೆ 'ವೇಜ್' ಅಥವಾ 'ಡಿಕ್ಲೇರ್', 'ಪ್ರೊಟೆಸ್ಟ್' ಬಂದರೆ 'ಸ್ಟೇಜ್' ಅಥವಾ 'ಹೋಲ್ಡ್', 'ಆರ್ಗ್ಯುಮೆಂಟ್' ಬಂದರೆ 'ಹ್ಯಾವ್'.

ಹಾಗಾಗಿ ಮೊದಲು ಸರಿಯಾದ ನಾಮಪದ ಆರಿಸಿಕೊಳ್ಳಬೇಕು. ಅದಕ್ಕೆ ಮೂರು ಪ್ರಶ್ನೆ ಸಾಕು. ಎದುರಿಗಿರುವವರು ಯಾರು? ಯಾವುದರ ಸಲುವಾಗಿ? ಬರೀ ಮಾತಿನಲ್ಲಿದೆಯೋ, ಕೈಗೆ ಬಂದಿದೆಯೋ, ವರ್ಷಗಟ್ಟಲೆ ಎಳೆದಿದೆಯೋ? ಕೆಳಗಿನ ಹೋಲಿಕೆಗಳೆಲ್ಲ ಈ ಮೂರು ಪ್ರಶ್ನೆಗಳ ಮೇಲೆ ನಿಂತಿವೆ. ಉದಾಹರಣೆಗಳನ್ನು ಶಿವಮೊಗ್ಗದ ಸುತ್ತಮುತ್ತಲಿಂದಲೇ ಆರಿಸಿದ್ದೇವೆ. ತಹಶೀಲ್ದಾರರಿಗೆ ಅರ್ಜಿ ಬರೆಯುವವರಿಗೂ, ಪತ್ರಿಕೆಗೆ ಸುದ್ದಿ ಕಳಿಸುವವರಿಗೂ, ಸ್ಪರ್ಧಾತ್ಮಕ ಪರೀಕ್ಷೆಗೆ ಪ್ರಬಂಧ ಬರೆಯುವವರಿಗೂ ಬೇಕಾಗುವ ಜೋಡಿಗಳು ಇವೇ.

ಡಿಸ್ಪ್ಯೂಟ್ ಮತ್ತು ಕಾನ್‌ಫ್ಲಿಕ್ಟ್

'ಡಿಸ್ಪ್ಯೂಟ್' ಎಂದರೆ ಒಂದು ನಿರ್ದಿಷ್ಟ ವಿಷಯದ ಮೇಲೆ ಇಬ್ಬರ ವಾದ ಬೇರೆ ಬೇರೆಯಾಗಿರುವುದು. ನಾನು ನನ್ನದೆನ್ನುತ್ತೇನೆ, ನೀವು ನಿಮ್ಮದೆನ್ನುತ್ತೀರಿ. ಇದಕ್ಕೆ ದಾಖಲೆ ಇರುತ್ತದೆ, ಸರ್ವೆ ಇರುತ್ತದೆ, ಕೊನೆಗೆ ಯಾರೋ ಒಬ್ಬರು ತೀರ್ಪು ಕೊಡಬಹುದು. ಕಾನೂನಿನ ಭಾಷೆಗೆ ಈ ಪದ ಇಷ್ಟವಾಗಲು ಕಾರಣ ಅದೇ. ಕಾರ್ಮಿಕರ ವಿಷಯದ 1947ರ ಕಾಯ್ದೆಯ ಹೆಸರು 'ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆಕ್ಟ್' ಎಂದಿತ್ತು. ಕಾವೇರಿಗಾಗಿ 1990ರಲ್ಲಿ ರಚನೆಯಾದ ನ್ಯಾಯಮಂಡಳಿಯ ಹೆಸರಿನಲ್ಲೂ 'ವಾಟರ್ ಡಿಸ್ಪ್ಯೂಟ್ಸ್' ಎಂದೇ ಇದೆ. ತೋಟದ ಗಡಿಗೆ 'ಬೌಂಡರಿ ಡಿಸ್ಪ್ಯೂಟ್', ಜಮೀನಿಗೆ 'ಲ್ಯಾಂಡ್ ಡಿಸ್ಪ್ಯೂಟ್', ಬಹುಕಾಲದ್ದಾದರೆ 'ಎ ಲಾಂಗ್ ರನ್ನಿಂಗ್ ಡಿಸ್ಪ್ಯೂಟ್'. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಹಕ್ಕು ಯಾರದೆಂದು ತೀರ್ಮಾನವಾಗದಿದ್ದರೆ 'ದ ಲ್ಯಾಂಡ್ ಈಸ್ ಇನ್ ಡಿಸ್ಪ್ಯೂಟ್'. ಯಾವುದರ ಬಗ್ಗೆ ಎಂದು ಹೇಳಲು 'ಓವರ್' ಬಳಸಿ, ಯಾರ ಜೊತೆ ಎಂದು ಹೇಳಲು 'ವಿತ್' ಬಳಸಿ.

'ಕಾನ್‌ಫ್ಲಿಕ್ಟ್' ಇದಕ್ಕಿಂತ ಅಗಲ. ಎರಡು ಹಿತಾಸಕ್ತಿಗಳು ಒಂದೇ ಜಾಗದಲ್ಲಿ ಹೊಂದಿಕೊಳ್ಳಲಾರವು ಎಂಬ ಸ್ಥಿತಿ ಅದು. ಬಾಯಿಬಿಟ್ಟು ವಾದಿಸುವವರು ಇರಲೇಬೇಕೆಂದಿಲ್ಲ. ಆನೆ ಬಾಳೆ ತಿಂದರೆ, ಮಂಗ ಏಲಕ್ಕಿ ಕಿತ್ತರೆ ಅದು 'ಹ್ಯೂಮನ್ ವೈಲ್ಡ್‌ಲೈಫ್ ಕಾನ್‌ಫ್ಲಿಕ್ಟ್' ಆಗುತ್ತದೆಯೇ ಹೊರತು ಡಿಸ್ಪ್ಯೂಟ್ ಆಗುವುದಿಲ್ಲ, ಏಕೆಂದರೆ ಆನೆ ಹಕ್ಕು ಮಂಡಿಸುವುದಿಲ್ಲ. ಜೊತೆಗೆ ನೆನಪಿಡಿ: ಆನೆ ಬೆಳೆಗೆ ನುಗ್ಗುವುದಕ್ಕೆ 'ಎಲಿಫೆಂಟ್ಸ್ ರೇಡ್ ಕ್ರಾಪ್ಸ್' ಎನ್ನುತ್ತಾರೆ, 'ಅಟ್ಯಾಕ್ ಕ್ರಾಪ್ಸ್' ಎಂದರೆ ಓದುಗ ಕೀಟವನ್ನೋ ರೋಗವನ್ನೋ ಊಹಿಸಿಕೊಳ್ಳುತ್ತಾನೆ. ಬಂದೂಕು ಹಿಡಿದ ಸಂಘರ್ಷ 'ಆರ್ಮ್ಡ್ ಕಾನ್‌ಫ್ಲಿಕ್ಟ್'. ಸಹಕಾರ ಸಂಘದ ನಿರ್ದೇಶಕರೇ ಸಂಘಕ್ಕೆ ಸರಕು ಪೂರೈಸಿದರೆ 'ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್'. ಇದರ ಬಹುವಚನ 'ಕಾನ್‌ಫ್ಲಿಕ್ಟ್ಸ್ ಆಫ್ ಇಂಟರೆಸ್ಟ್', ಬಹುವಚನದ 'ಎಸ್' ಮೊದಲ ಪದಕ್ಕೆ ಹತ್ತುತ್ತದೆ. ಉಚ್ಚಾರದಲ್ಲಿಯೂ ಒಂದು ಎಚ್ಚರ ಬೇಕು. ನಾಮಪದವಾದಾಗ ಒತ್ತು 'ಕಾನ್' ಮೇಲೆ, ಕ್ರಿಯಾಪದವಾದಾಗ 'ಫ್ಲಿಕ್ಟ್' ಮೇಲೆ. 'ಪ್ರೊಟೆಸ್ಟ್' ಪದಕ್ಕೂ ಇದೇ ನಿಯಮ.

ಎರಡರ ವ್ಯತ್ಯಾಸ ನೋಡಲು ಕಾಗೋಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಸಾಗರ ತಾಲ್ಲೂಕಿನ ಆ ಊರಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಯಿತೆಂದು ಗೇಣಿದಾರರು ಆಕ್ಷೇಪಿಸಿದರು. ಅಷ್ಟಕ್ಕೇ ನಿಂತಿದ್ದರೆ ಅದು 'ಎ ಡಿಸ್ಪ್ಯೂಟ್ ಓವರ್ ಎ ಮೆಷರ್'. ಒಡೆಯರು ಗೇಣಿದಾರರನ್ನು ಭೂಮಿಯಿಂದ ಬಿಡಿಸಲು ಹೊರಟಾಗ 'ದ ಟೆನೆಂಟ್ಸ್ ಕೇಮ್ ಇಂಟು ಕಾನ್‌ಫ್ಲಿಕ್ಟ್ ವಿತ್ ದ ಲ್ಯಾಂಡ್‌ಲಾರ್ಡ್ಸ್' ಎನ್ನಬೇಕಾಯಿತು. 1951ರಲ್ಲಿ ಸತ್ಯಾಗ್ರಹ ನಡೆದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾಗಿ, ಉಳುವವನೇ ಒಡೆಯನಾಗಬೇಕೆಂಬ ಮಾತು ರಾಜ್ಯದ ಮುಂದೆ ಬಂದಾಗ ಅದು 'ಎ ಸ್ಟ್ರಗಲ್ ಫಾರ್ ಲ್ಯಾಂಡ್ ರೈಟ್ಸ್'. ಪ್ರಬಂಧದಲ್ಲಿ ಮೂರೂ ಹಂತಕ್ಕೆ 'ಫೈಟ್' ಎಂದೇ ಬರೆದರೆ ವ್ಯಾಕರಣ ಸರಿಯಿರುತ್ತದೆ, ಆದರೆ ಇತಿಹಾಸ ಸಪಾಟಾಗುತ್ತದೆ.

ಸ್ಟ್ರಗಲ್, ಫೈಟ್, ಬ್ಯಾಟಲ್

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಮೂರಕ್ಕೂ ಕನ್ನಡದಲ್ಲಿ ನಾವು 'ಹೋರಾಟ' ಎನ್ನುತ್ತೇವೆ.

'ಸ್ಟ್ರಗಲ್' ಪದದ ಒಳಗೆ ಕಷ್ಟವಿದೆ, ಕಾಲವಿದೆ. ಎದುರಾಳಿ ನಿಮಗಿಂತ ಬಲಶಾಲಿ ಎಂಬ ಸೂಚನೆಯೂ ಇದೆ. ಅದಕ್ಕೇ ಸ್ವಾತಂತ್ರ್ಯ ಹೋರಾಟ 'ಫ್ರೀಡಂ ಸ್ಟ್ರಗಲ್', ವರ್ಗ ಹೋರಾಟ 'ಕ್ಲಾಸ್ ಸ್ಟ್ರಗಲ್'. ಹೊಂದುವ ವಿಶೇಷಣಗಳು 'ಲಾಂಗ್', 'ಬಿಟರ್', 'ಅಪ್‌ಹಿಲ್'. 'ಪವರ್ ಸ್ಟ್ರಗಲ್' ಎಂದರೆ ಅಧಿಕಾರಕ್ಕಾಗಿ ಒಳಗೊಳಗಿನ ಗುದ್ದಾಟ, ವಿದ್ಯುತ್ತಿಗಾಗಿ ರೈತರ ಹೋರಾಟವಲ್ಲ. ಲೋಡ್‌ಶೆಡ್ಡಿಂಗ್ ಸುದ್ದಿಗೆ ಈ ಶೀರ್ಷಿಕೆ ಇಟ್ಟರೆ ಓದುಗರು ರಾಜಕೀಯದ ಸುದ್ದಿ ಎಂದುಕೊಳ್ಳುತ್ತಾರೆ.

ಕ್ರಿಯಾಪದವಾಗಿ 'ಸ್ಟ್ರಗಲ್' ನೇರವಾಗಿ ಕರ್ಮ ತೆಗೆದುಕೊಳ್ಳುವುದಿಲ್ಲ. 'ದೆ ಸ್ಟ್ರಗಲ್ಡ್ ಪಾವರ್ಟಿ' ತಪ್ಪು. 'ಸ್ಟ್ರಗಲ್ಡ್ ಅಗೇನ್‌ಸ್ಟ್ ಪಾವರ್ಟಿ' ಸರಿ. 'ಫೈಟ್' ಮಾತ್ರ ನೇರವಾಗಿ ತೆಗೆದುಕೊಳ್ಳುತ್ತದೆ: 'ಫೈಟ್ ಪಾವರ್ಟಿ', 'ಫೈಟ್ ಕರಪ್ಷನ್', 'ಫೈಟ್ ಎ ಫೈರ್'. ಬೇಸಿಗೆಯಲ್ಲಿ ಕಾಡಿಗೆ ಬಿದ್ದ ಬೆಂಕಿ ಆರಿಸುವುದಕ್ಕೆ ಈ ಕೊನೆಯದೇ ಬೇಕು. 'ಸ್ಟ್ರಗಲ್ ವಿತ್' ಬಳಸುವಾಗ ಹುಷಾರು. 'ಹೀ ಸ್ಟ್ರಗಲ್ಸ್ ವಿತ್ ಇಂಗ್ಲಿಷ್' ಎಂದರೆ ಇಂಗ್ಲಿಷ್ ಅವನಿಗೆ ಕಷ್ಟ ಎಂದರ್ಥ. 'ದ ಟೆನೆಂಟ್ಸ್ ಸ್ಟ್ರಗಲ್ಡ್ ವಿತ್ ದ ಲ್ಯಾಂಡ್‌ಲಾರ್ಡ್' ಎಂದು ಬರೆದರೆ ಗದ್ದೆಯ ಬದುವಿನ ಮೇಲೆ ಹೊಯ್‌ಕೈ ಆಯಿತೆಂದು ಓದುವವರಿಗೆ ಅನ್ನಿಸುತ್ತದೆ. ಅಲ್ಲಿ ಬೇಕಾದದ್ದು 'ಅಗೇನ್‌ಸ್ಟ್'. ಸಂಸಾರ ತೂಗಿಸಲು ಪಡುವ ಪಾಡಿಗೆ 'ಸ್ಟ್ರಗಲ್ ಟು ಮೇಕ್ ಎಂಡ್ಸ್ ಮೀಟ್' ಎಂಬುದು ಸಿದ್ಧ ನುಡಿ, ಅದನ್ನು ಹಾಗೇ ಇಡಬೇಕು, ಒಂದು ಪದವನ್ನೂ ಬದಲಿಸುವಂತಿಲ್ಲ.

'ಫೈಟ್' ಚಿಕ್ಕದು, ನೇರ, ಬಿರುಸು. ಬೀದಿಯ ಹೊಡೆದಾಟಕ್ಕೂ ಬರುತ್ತದೆ, ಹಕ್ಕಿನ ಹೋರಾಟಕ್ಕೂ ಬರುತ್ತದೆ. ಇದರ ಜೊತೆ ಬರುವ 'ಫಾರ್', 'ಅಗೇನ್‌ಸ್ಟ್', 'ಓವರ್', 'ವಿತ್' ಅರ್ಥವನ್ನೇ ತಿರುಗಿಸುತ್ತವೆ. 'ದ ಫ್ಯಾಮಿಲೀಸ್ ಆರ್ ಫೈಟಿಂಗ್ ಫಾರ್ ದೇರ್ ಲ್ಯಾಂಡ್' ಎಂದರೆ ನ್ಯಾಯ ಅವರ ಕಡೆಗಿದೆ ಎಂಬ ಧ್ವನಿ ಬರುತ್ತದೆ. 'ದ ಬ್ರದರ್ಸ್ ಆರ್ ಫೈಟಿಂಗ್ ಓವರ್ ದ ಲ್ಯಾಂಡ್' ಎಂದರೆ ಇಬ್ಬರೂ ಒಂದನ್ನೇ ಹಿಡಿದು ಎಳೆದಾಡುತ್ತಿದ್ದಾರೆ ಎಂದರ್ಥ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಹಿನ್ನೀರಿಗೆ ಮನೆಮಠ ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರ ಕೇಳುತ್ತಿರುವುದನ್ನು ಬರೆಯುವಾಗ 'ಓವರ್' ಹಾಕಿದರೆ ಅವರಿಗೆ ಅನ್ಯಾಯವಾಗುತ್ತದೆ. 'ಸ್ಟಿಲ್ ಫೈಟಿಂಗ್ ಫಾರ್ ಟೈಟಲ್ ಡೀಡ್ಸ್' ಎಂದೇ ಬರೆಯಬೇಕು. ಇನ್ನು 'ಫೈಟ್ ವಿತ್' ಎರಡು ಕಡೆಗೂ ತಿರುಗುವ ಜೋಡಿ: ಒಬ್ಬರ ಎದುರು ಹೋರಾಡಿದರೂ ಅದೇ, ಅವರ ಪಕ್ಕದಲ್ಲಿ ನಿಂತು ಹೋರಾಡಿದರೂ ಅದೇ. 'ರೈತರು ಕಾರ್ಮಿಕರೊಂದಿಗೆ ಹೋರಾಡಿದರು' ಎಂದು ಬರೆಯಬೇಕಿದ್ದರೆ 'ಅಲಾಂಗ್‌ಸೈಡ್' ಬಳಸಿದರೆ ಅನುಮಾನ ಉಳಿಯುವುದಿಲ್ಲ.

ಪತ್ರಿಕೆಗಳಲ್ಲಿ ದಿನಾ ಕಾಣುವ 'ಗೇವ್ ಎ ಟಫ್ ಫೈಟ್' ನಮ್ಮ ದೇಶದ ರೂಢಿ. ಚುನಾವಣೆಯಲ್ಲಿ ಸೋತರೂ ಬಿಗಿ ಪೈಪೋಟಿ ಕೊಟ್ಟರು ಎನ್ನಲು ಇಲ್ಲಿಯ ಓದುಗರಿಗೆ ಅದು ಅರ್ಥವಾಗುತ್ತದೆ. ಪರೀಕ್ಷೆಗೆ, ಹೊರದೇಶದ ಓದುಗರಿಗೆ 'ಪುಟ್ ಅಪ್ ಎ ಗುಡ್ ಫೈಟ್' ಸುರಕ್ಷಿತ.

'ಬ್ಯಾಟಲ್' ಎಂದರೆ ದೊಡ್ಡ ಯುದ್ಧದೊಳಗಿನ ಒಂದು ಕದನ. ಅದಕ್ಕೆ ಆರಂಭವಿದೆ, ಅಂತ್ಯವಿದೆ, ಗೆದ್ದವರು ಸೋತವರು ಇದ್ದಾರೆ. ಕೋರ್ಟಿನ ಹೋರಾಟಕ್ಕೆ 'ಲೀಗಲ್ ಬ್ಯಾಟಲ್' ಎಂಬುದೇ ರೂಢಿ. ಸೋಲೇ ಗತಿ ಎಂದು ಗೊತ್ತಿದ್ದೂ ಬಿಡದ ಹೋರಾಟ 'ಎ ಲೂಸಿಂಗ್ ಬ್ಯಾಟಲ್', ಗೆಲ್ಲಬಹುದು ಆದರೆ ಬಹಳ ಕಷ್ಟ ಎಂದಾದರೆ 'ಆನ್ ಅಪ್‌ಹಿಲ್ ಬ್ಯಾಟಲ್'. ಈ ಎರಡನ್ನು ಅದಲುಬದಲು ಮಾಡಬೇಡಿ. ಕಾರ್ಮಿಕ ಸಂಘದ ಮನವಿಯಲ್ಲಿ 'ವೀ ಆರ್ ಫೈಟಿಂಗ್ ಎ ಲೂಸಿಂಗ್ ಬ್ಯಾಟಲ್' ಎಂದು ಬರೆದರೆ ಸಂಘ ತಾನೇ ಸೋಲೊಪ್ಪಿಕೊಂಡ ಹಾಗೆ.

'ವಾರ್' ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: 'ಡಿಕ್ಲೇರ್ ವಾರ್ ಆನ್', 'ಗೋ ಟು ವಾರ್ ವಿತ್', 'ವೇಜ್ ವಾರ್ ಅಗೇನ್‌ಸ್ಟ್', 'ವಾರ್ ಬ್ರೇಕ್ಸ್ ಔಟ್'. ಊರಿನ ವಿಷಯಗಳಿಗೆ ಈ ಪದವನ್ನು ಎಳೆದು ತರದಿರುವುದೇ ಒಳ್ಳೆಯದು.

ಬೀದಿಗಿಳಿದಾಗ

ಜಿಲ್ಲಾಧಿಕಾರಿ ಕಚೇರಿ ಮುಂದೆ ಪ್ರತಿಭಟನೆ ನಡೆದರೆ 'ಸ್ಟೇಜ್ಡ್ ಎ ಪ್ರೊಟೆಸ್ಟ್' ಅಥವಾ 'ಹೆಲ್ಡ್ ಎ ಪ್ರೊಟೆಸ್ಟ್'. 'ಲಾಜ್ಡ್ ಎ ಪ್ರೊಟೆಸ್ಟ್' ಎಂದರೆ ಬೇರೆಯೇ: ಲಿಖಿತವಾಗಿ, ವಿಧ್ಯುಕ್ತವಾಗಿ ಆಕ್ಷೇಪ ಸಲ್ಲಿಸುವುದು. ನೂರಾರು ಜನ ಬಿಸಿಲಲ್ಲಿ ಕೂತಿದ್ದನ್ನು 'ಲಾಜ್ಡ್' ಎಂದು ಬರೆದರೆ ಅದು ಕಾಗದದ ಮೇಲಿನ ಸಂಗತಿಯಾಗಿಬಿಡುತ್ತದೆ.

ಮುಷ್ಕರಕ್ಕೆ ಮೂರು ಹಂತ, ಮೂರು ಕ್ರಿಯಾಪದ. ಸಂಘ 'ಕಾಲ್ಸ್ ಎ ಸ್ಟ್ರೈಕ್'. ಕಾರ್ಮಿಕರು 'ಗೋ ಆನ್ ಸ್ಟ್ರೈಕ್'. ಮಾತುಕತೆ ಫಲಿಸಿದರೆ ಸಂಘ 'ಕಾಲ್ಸ್ ಆಫ್ ದ ಸ್ಟ್ರೈಕ್'. ಗಮನಿಸಿ, 'ಗೋ ಆನ್ ಸ್ಟ್ರೈಕ್' ನಡುವೆ 'ಎ' ಇಲ್ಲ, ಆದರೆ 'ಕಾಲ್ ಎ ಸ್ಟ್ರೈಕ್' ನಡುವೆ ಇದೆ. ಉಪವಾಸ ಕೂರುವುದು 'ಗೋ ಆನ್ ಹಂಗರ್ ಸ್ಟ್ರೈಕ್'.

'ಅಜಿಟೇಶನ್' ನಮ್ಮಲ್ಲಿ ಚಳವಳಿ. ಹೊರಗಿನವರಿಗೆ ಆ ಪದ ಮೊದಲು ಮನಸ್ಸಿನ ತಳಮಳವನ್ನು ಸೂಚಿಸುತ್ತದೆ. ರಾಜ್ಯದೊಳಗಿನ ಓದುಗರಿಗಾದರೆ ಧಾರಾಳವಾಗಿ ಬಳಸಿ, ಅಂತರರಾಷ್ಟ್ರೀಯ ಸಂಸ್ಥೆಗೆ ಪತ್ರ ಬರೆಯುವಾಗ 'ಕ್ಯಾಂಪೇನ್', 'ಮೂವ್‌ಮೆಂಟ್' ಅಥವಾ 'ಪ್ರೊಟೆಸ್ಟ್ಸ್' ಎನ್ನಿ. 'ಟುಕ್ ಔಟ್ ಎ ರ‍್ಯಾಲಿ' ಕೂಡ ಇದೇ ಜಾತಿಯದ್ದು, 'ಹೆಲ್ಡ್ ಎ ಮಾರ್ಚ್' ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಬಂದ್, ಘೇರಾವ್, ಧರಣಿಗಳನ್ನು ಅನುವಾದಿಸಬೇಡಿ. ಇವು ಇಂಗ್ಲಿಷ್ ನಿಘಂಟಿನೊಳಗೇ ಸೇರಿಹೋಗಿವೆ. ಬಂದ್‌ಗೆ ಕರೆ ಕೊಟ್ಟರೆ 'ಕಾಲ್ಡ್ ಎ ಬಂದ್', ಜನ ಅಂಗಡಿ ಮುಚ್ಚಿ ಸಹಕರಿಸಿದರೆ 'ಅಬ್ಸರ್ವ್ಡ್ ಎ ಬಂದ್'.

ಪ್ರತಿಭಟನಕಾರರು ಮತ್ತು ಪೊಲೀಸರು ಕೈಕೈ ಮಿಲಾಯಿಸಿದರೆ 'ಪ್ರೊಟೆಸ್ಟರ್ಸ್ ಕ್ಲ್ಯಾಶ್ಡ್ ವಿತ್ ದ ಪೊಲೀಸ್'. ತಟ್ಟನೆ ಶುರುವಾಗುವ ಸಂಗತಿಗಳಿಗೆ 'ಬ್ರೇಕ್ ಔಟ್' ಸರಿ: 'ಎ ಕ್ಲ್ಯಾಶ್ ಬ್ರೋಕ್ ಔಟ್', 'ವಯಲೆನ್ಸ್ ಬ್ರೋಕ್ ಔಟ್'. ನಿಧಾನಕ್ಕೆ ತಲೆ ಎತ್ತುವವಕ್ಕೆ 'ಅರೈಸ್': 'ಎ ಡಿಸ್ಪ್ಯೂಟ್ ಅರೋಸ್'. 'ಡಿಸ್ಪ್ಯೂಟ್ ಬ್ರೋಕ್ ಔಟ್' ಎಂದೂ ಕಾಣಸಿಗುತ್ತದೆ, ಆಗ ಅದು ಏಕಾಏಕಿ ಬಹಿರಂಗಕ್ಕೆ ಬಂತೆಂದು ಅರ್ಥ. ಆದರೆ 'ಬ್ರೇಕ್ ಔಟ್' ನಿಂದ ಬಂದ 'ಔಟ್‌ಬ್ರೇಕ್' ಎಂಬ ನಾಮಪದ ಯುದ್ಧ, ಹಿಂಸೆ ಮತ್ತು ರೋಗಕ್ಕೆ ಸಲ್ಲುತ್ತದೆ, ತಕರಾರಿಗೆ ಸಲ್ಲುವುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯ ವರದಿಗಳಲ್ಲಿ ಈ ಪದ ಸಾಮಾನ್ಯ.

ದಂಗೆಯೋ, ಬಂಡಾಯವೋ

ಕೆಲವು ಕಡೆ ಪದ ಆರಿಸಿದ ಕೂಡಲೇ ಪಕ್ಷವನ್ನೂ ಆರಿಸಿದಂತಾಗುತ್ತದೆ. ಶಿಕಾರಿಪುರದ ಹತ್ತಿರದ ಈಸೂರು 1942ರಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಘರ್ಷಣೆಯಲ್ಲಿ ಅಧಿಕಾರಿಗಳು ಸತ್ತರು, 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಇದನ್ನು 'ರಯಟ್' ಎಂದರೆ ಕಾನೂನು ಸುವ್ಯವಸ್ಥೆಯ ಗಲಭೆ, ಗುಂಪಿನ ಅಪರಾಧ. 'ರಿವೋಲ್ಟ್' ಅಥವಾ 'ಅಪ್‌ರೈಸಿಂಗ್' ಎಂದರೆ ಆಳುವವರ ವಿರುದ್ಧ ಎದ್ದ ಜನ. ಈಸೂರಿಗೆ ಎರಡನೆಯದೇ ಸರಿ ಎಂಬುದು ನಮ್ಮ ನಿಲುವು: 'ದ ವಿಲೇಜರ್ಸ್ ರೋಸ್ ಅಗೇನ್‌ಸ್ಟ್ ಬ್ರಿಟಿಷ್ ರೂಲ್'. ಆ ದಿನ ನಡೆದ ಘಟನೆಯೊಂದನ್ನೇ ಹೇಳುವಾಗ 'ಕ್ಲ್ಯಾಶ್' ಬಳಸಬಹುದು. ಸರ್ಕಾರ ಅದನ್ನು ಅಡಗಿಸಿತು ಎನ್ನಲು 'ಪುಟ್ ಡೌನ್', 'ಸಪ್ರೆಸ್', 'ಕ್ರಶ್' ಇವೆ. ಇವುಗಳಲ್ಲಿ 'ಕ್ರಶ್' ಕ್ರೌರ್ಯವನ್ನೂ ಹೇಳುತ್ತದೆ. ಪ್ರಾಣಕೊಟ್ಟವರಿಗೆ 'ಲೇಡ್ ಡೌನ್ ದೇರ್ ಲೈವ್ಸ್'. ಇಲ್ಲಿ 'ಲೇ' ಮತ್ತು 'ಲೈ' ಕಲಸಿಹೋಗುವುದರಿಂದ ಭೂತಕಾಲದ ರೂಪ 'ಲೇಡ್' ಎಂಬುದನ್ನು ಗಟ್ಟಿಮಾಡಿಕೊಳ್ಳಿ.

ಕೆಳದಿಯ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದ್ದನ್ನು ಬರೆಯುವಾಗ ಬೇಕಾಗುವುದು 'ರೆಸಿಸ್ಟೆನ್ಸ್' ಕುಟುಂಬ. 'ಪುಟ್ ಅಪ್ ಫಿಯರ್ಸ್ ರೆಸಿಸ್ಟೆನ್ಸ್' ಎನ್ನಬಹುದು. ಸೇನೆಯ ಕಡೆಯಿಂದ ಹೇಳಿದರೆ 'ಮೆಟ್ ವಿತ್ ಫಿಯರ್ಸ್ ರೆಸಿಸ್ಟೆನ್ಸ್'. ಕ್ರಿಯಾಪದವಾದಾಗ 'ರೆಸಿಸ್ಟ್' ಮುಂದೆ 'ಅಗೇನ್‌ಸ್ಟ್' ಬೇಡ, 'ಶೀ ರೆಸಿಸ್ಟೆಡ್ ದ ಮೊಘಲ್ ಆರ್ಮಿ' ಎಂದರೆ ಸಾಕು. 'ಅಪೋಸ್' ಕೂಡ ಹೀಗೇ: 'ವೀ ಅಪೋಸ್ ದ ಪ್ರಾಜೆಕ್ಟ್' ಸರಿ, 'ವೀ ಅಪೋಸ್ ಟು ದ ಪ್ರಾಜೆಕ್ಟ್' ತಪ್ಪು, 'ವೀ ಆರ್ ಅಪೋಸ್ಡ್ ಟು ದ ಪ್ರಾಜೆಕ್ಟ್' ಮತ್ತೆ ಸರಿ. ಕನ್ನಡದ 'ಯೋಜನೆಗೆ ವಿರೋಧ' ಎಂಬಲ್ಲಿಯ 'ಗೆ' ಇಂಗ್ಲಿಷಿನಲ್ಲಿ ಬೇಡದ 'ಟು' ಆಗಿ ನುಸುಳುತ್ತದೆ.

ಮನೆಯೊಳಗಿನ ಜಗಳ

'ಆರ್ಗ್ಯುಮೆಂಟ್' ಬರೀ ಮಾತಿನದು. ಇಲ್ಲಿ 'ಹ್ಯಾವ್' ಮತ್ತು 'ಮೇಕ್' ನಡುವೆ ದೊಡ್ಡ ಅಂತರವಿದೆ. 'ದೆ ಹ್ಯಾಡ್ ಆನ್ ಆರ್ಗ್ಯುಮೆಂಟ್' ಎಂದರೆ ಮಾತಿಗೆ ಮಾತು ಬೆಳೆಯಿತು. 'ಶೀ ಮೇಡ್ ಆನ್ ಆರ್ಗ್ಯುಮೆಂಟ್' ಎಂದರೆ ಅವಳು ಒಂದು ವಾದ ಮಂಡಿಸಿದಳು. ಬಿಸಿಯಾದ ವಾಗ್ವಾದಕ್ಕೆ 'ಹೀಟೆಡ್', 'ಹಾಟ್' ಅಲ್ಲ. 'ಕ್ವಾರಲ್' ಪರಿಚಿತರ ನಡುವಿನ ಮುನಿಸಿನ ಜಗಳ, 'ಹ್ಯಾವ್ ಎ ಕ್ವಾರಲ್'. ಕಾಲು ಕೆರೆದು ಜಗಳಕ್ಕೆ ಬಂದರೆ 'ಪಿಕ್ ಎ ಫೈಟ್', ಬೇಡವೆಂದರೂ ಸಿಕ್ಕಿಹಾಕಿಕೊಂಡರೆ 'ಗೆಟ್ ಇಂಟು ಎ ಫೈಟ್'. ಜಗಳ ಎಂಬರ್ಥದ ಇಂಗ್ಲಿಷ್ ಪದವೊಂದು ಸಾಲು ಎಂಬ ಪದದ ಕಾಗುಣಿತವನ್ನೇ ಹೊಂದಿದೆ. ಸಾಲಾದರೆ 'ರೋ', ಜಗಳವಾದರೆ 'ರೌ'. ಶೀರ್ಷಿಕೆಗಳಲ್ಲಿ ಜಾಗ ಉಳಿಸಲು ಅದು ಚೆನ್ನ, ಅರ್ಜಿಗೆ ಒಗ್ಗುವುದಿಲ್ಲ.

ಮುಗಿಸುವ ಕ್ರಿಯಾಪದಗಳು

'ಸಾಲ್ವ್' ಸಮಸ್ಯೆಗೆ, ಲೆಕ್ಕಕ್ಕೆ. 'ಕಾನ್‌ಫ್ಲಿಕ್ಟ್' ಜೊತೆ 'ರಿಸಾಲ್ವ್'. 'ಡಿಸ್ಪ್ಯೂಟ್' ಜೊತೆ 'ರಿಸಾಲ್ವ್' ಮತ್ತು 'ಸೆಟಲ್' ಎರಡೂ ಒಪ್ಪುತ್ತವೆ, ಛಾಯೆ ಬೇರೆ. 'ಸೆಟಲ್' ಎಂದರೆ ಒಂದು ತೀರ್ಮಾನವೋ ಹಣವೋ ಬಂದು ಕಡತ ಮುಚ್ಚಿತು. ಲೋಕ ಅದಾಲತ್‌ನಲ್ಲಿ ಆಗುವುದು ಇದು. ಕೋರ್ಟಿನ ಹೊರಗೆ ಮುಗಿದರೆ 'ಸೆಟಲ್ಡ್ ಔಟ್ ಆಫ್ ಕೋರ್ಟ್'. 'ರಿಸಾಲ್ವ್' ಎಂದರೆ ಕಾರಣವೇ ಬಗೆಹರಿಯಿತು. ಆದರೆ 'ಸೆಟಲ್ ಓಲ್ಡ್ ಸ್ಕೋರ್ಸ್' ಎಂದು ಮಾತ್ರ ರಾಜಿಯ ಅರ್ಥದಲ್ಲಿ ಬರೆಯಬೇಡಿ, ಅದರರ್ಥ ಹಳೆಯ ಸೇಡು ತೀರಿಸಿಕೊಳ್ಳುವುದು.

ರಾಜಿಗೆ 'ರೀಚ್ ಎ ಕಾಂಪ್ರಮೈಸ್'. ಮಾತುಕತೆ ನಡೆದರೆ 'ಹೋಲ್ಡ್ ಟಾಕ್ಸ್', ಮುರಿದುಬಿದ್ದರೆ 'ಟಾಕ್ಸ್ ಬ್ರೇಕ್ ಡೌನ್', ಮುಂದೆ ಹೋಗದೆ ನಿಂತಿದ್ದು ಸಡಿಲಾದರೆ 'ಬ್ರೇಕ್ ದ ಡೆಡ್‌ಲಾಕ್'. ಉದ್ವಿಗ್ನತೆ ತಗ್ಗಿಸಲು 'ಈಸ್' ಅಥವಾ 'ಡಿಫ್ಯೂಸ್' ಬರುತ್ತವೆ. ಈ ಡಿಫ್ಯೂಸ್‌ನ ಎರಡನೇ ಅಕ್ಷರ 'ಇ', 'ಐ' ಅಲ್ಲ. 'ಐ' ಹಾಕಿದರೆ ಉದ್ವಿಗ್ನತೆ ಎಲ್ಲೆಡೆ ಹರಡಿತು ಎಂಬ ತಿರುಗುಮುರುಗು ಅರ್ಥ ಬರುತ್ತದೆ.

ರೋಗದ ವಿರುದ್ಧ

ಅಡಿಕೆಯ ಕೊಳೆರೋಗದ ಬಗ್ಗೆ ಸುದ್ದಿ ಬರೆಯುವಾಗ 'ಗ್ರೋವರ್ಸ್ ಆರ್ ಬ್ಯಾಟ್ಲಿಂಗ್ ಫ್ರೂಟ್ ರಾಟ್' ಸೊಗಸಾಗಿದೆ. ಅದೇ ವಿಷಯವನ್ನು ಕೃಷಿ ವರದಿಯಲ್ಲಿ ಬರೆಯುವಾಗ 'ಕಂಟ್ರೋಲ್' ಅಥವಾ 'ಮ್ಯಾನೇಜ್ ದ ಡಿಸೀಸ್' ಎನ್ನಬೇಕು. ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಅಳತೆ ಹೇಳುವ ಕಡೆ ಯುದ್ಧದ ಪದಗಳು ಅಡ್ಡಬರುತ್ತವೆ. ತಳಿಯ ನಿರೋಧಕ ಶಕ್ತಿಗೆ 'ರೆಸಿಸ್ಟೆನ್ಸ್ ಟು', ಇಲ್ಲಿಯೂ 'ಅಗೇನ್‌ಸ್ಟ್' ಬೇಡ.

ಒಂದು ಅರ್ಜಿ, ತಿದ್ದಿ

ಸಾಮಾನ್ಯವಾಗಿ ಬರುವ ರೂಪ ಇದು: 'ಮೈ ನೇಬರ್ ಈಸ್ ಡೂಯಿಂಗ್ ಫೈಟ್ ವಿತ್ ಮೀ ಸಿನ್ಸ್ ಟೆನ್ ಇಯರ್ಸ್ ಫಾರ್ ಬೌಂಡರಿ. ಐ ಗೇವ್ ಕಂಪ್ಲೇಂಟ್ ಬಟ್ ದೆ ಡಿಡ್ ನೋ ಆಕ್ಷನ್. ಪ್ಲೀಸ್ ಸಾಲ್ವ್ ದಿಸ್ ಫೈಟ್.'

ತಿದ್ದಿದ ರೂಪ: 'ದೇರ್ ಹ್ಯಾಸ್ ಬೀನ್ ಎ ಬೌಂಡರಿ ಡಿಸ್ಪ್ಯೂಟ್ ಬಿಟ್ವೀನ್ ಮೈ ನೇಬರ್ ಅಂಡ್ ಮೀ ಫಾರ್ ಟೆನ್ ಇಯರ್ಸ್. ಐ ಲಾಜ್ಡ್ ಎ ಕಂಪ್ಲೇಂಟ್, ಬಟ್ ನೋ ಆಕ್ಷನ್ ಹ್ಯಾಸ್ ಬೀನ್ ಟೇಕನ್. ಐ ರಿಕ್ವೆಸ್ಟ್ ಯೂ ಟು ಹ್ಯಾವ್ ದ ಲ್ಯಾಂಡ್ ಸರ್ವೇಡ್ ಅಂಡ್ ದ ಡಿಸ್ಪ್ಯೂಟ್ ಸೆಟಲ್ಡ್.'

'ಫೈಟ್' ಹೋಗಿ 'ಡಿಸ್ಪ್ಯೂಟ್' ಬಂದದ್ದರಿಂದ ಹೊಡೆದಾಟದ ವಾಸನೆ ಹೋಯಿತು, ವಿಷಯ ಪೊಲೀಸರಿಂದ ಕಂದಾಯ ಇಲಾಖೆಗೆ ಬಂತು. ಅವಧಿ ಹೇಳುವಾಗ 'ಫಾರ್', ಆರಂಭದ ವರ್ಷ ಹೇಳುವಾಗ 'ಸಿನ್ಸ್'. ಕ್ರಮ ಕೈಗೊಳ್ಳುವುದು ಯಾವಾಗಲೂ 'ಟೇಕ್ ಆಕ್ಷನ್'. ದೂರು ವ್ಯಕ್ತಿಯ ಮೇಲಾದರೆ 'ಕಂಪ್ಲೇಂಟ್ ಅಗೇನ್‌ಸ್ಟ್', ಸಂಗತಿಯ ಬಗ್ಗೆಯಾದರೆ 'ಕಂಪ್ಲೇಂಟ್ ಅಬೌಟ್'. ನೆರೆಯವರ ಜೊತೆ ಮುಂದೆಯೂ ಅದೇ ಅಗಳಿನ ಎರಡು ಬದಿಯಲ್ಲಿ ಬಾಳಬೇಕಾದವರು ಗಡಿಯ ವಿಷಯಕ್ಕೆ ಎರಡನೆಯದನ್ನೇ ಬರೆಯುವುದು ಮೇಲು.